ಬೀಗರು

ಟಗರು ಕೂಗಿದ್ದಕ್ಕೆ ಅಮೃತಾ ಎದ್ದು ಕೂತಳು. ಇಷ್ಟು ದಿನ ಮನೆ ತುಂಬ ಮಲಗಿದ್ದ ಜನರಲ್ಲಿ ಯಾರಾದರೊಬ್ಬರು ಎದ್ದು ಅದಕ್ಕೆ ನೀರಿಡುತ್ತಿದ್ದರು. ಇವತ್ತು ಯಾರೂ ಇರಲಿಲ್ಲ. ಗಂಡನ ಮಣ್ಣಿಗೆ ಬಂದ ನೆಂಟರು ಒಬ್ಬೊಬ್ಬರಾಗಿ ಹೋಗಿದ್ದರು. ಕೊನೆಗೆ ಅವಳ ಅವ್ವ, ಮಗಳು ಜೊತೆಗೆ ಬರಲೊಲ್ಲೆ ಎಂದದ್ದಕ್ಕೆ ಸಿಟ್ಟು ಮಾಡಿಕೊಂಡು, ಅತ್ತುಕೊಂಡು, ನಿನ್ನೆ ಸಂಜೆಯ ಬಸ್ಸಿಗೆ ಹಡಗಲಿಗೆ ಹೊರಟುಹೋಗಿದ್ದಳು. ಟಗರು ಮತ್ತೊಮ್ಮೆ ಕೂಗಿತು. ನೀರು ಬೇಕು ಎನ್ನುವುದಕ್ಕಿಂತ, ಎಷ್ಟೊತ್ತಾಯಿತು ಎಂದು ಬೈದಂತಿತ್ತು.

ಅವಳು ಬಕೆಟ್ಟು ತೆಗೆದುಕೊಂಡು ಹಿತ್ತಲಿಗೆ ಹೋದಳು. ಹರಪನಹಳ್ಳಿಯ ಆ ಓಣಿಯಲ್ಲಿ ಮುಂದೆ ತಗಡಿನ ಸಭಾಮಂದಿರ, ಅದರ ಬೆನ್ನಿಗೆ ಪಾಸ್ಟರ್ ಕುಟುಂಬಕ್ಕೆಂದು ಎರಡು ಕೋಣೆ, ಅದರಾಚೆ ಒಂದು ಬೇವಿನ ಮರ. ಟಗರು ಬಕೆಟ್ಟಿಗೆ ಬಾಯಿ ಹಾಕಿ ಅರ್ಧ ಕುಡಿದು, ತಲೆ ಎತ್ತಿ ಗೇಟಿನ ಕಡೆ ನೋಡಿತು. ಓಣಿಯಲ್ಲಿ ಯಾರದೋ ಬೈಕು ಹಾದುಹೋಯಿತು. ಬಾಯಿಂದ ನೀರು ಸುರಿಸುತ್ತಲೇ ಅದು ಗೇಟಿನವರೆಗೆ ಓಡಿತು, ನಿಂತಿತು, ಮರಳಿ ಬಂದು ಉಳಿದ ನೀರು ಕುಡಿಯಿತು. ಪಾಸ್ಟರ್ ಆಗಿದ್ದ ಗಂಡ ಕ್ರಾಂತಿಕುಮಾರ್ ಊರೂರು ಪ್ರಾರ್ಥನೆಗೆ ಹೋಗಿ ಬರುವಾಗ ಯಾವುದಾದರೂ ಮನೆಯ ರೊಟ್ಟಿ ಚೂರು ಬ್ಯಾಗಿನಲ್ಲಿ ತಂದೇ ತರುತ್ತಿದ್ದ. ಅವನ ಬೈಕು ಈಗ ಪೊಲೀಸ್ ಠಾಣೆಯ ಅಂಗಳದಲ್ಲಿತ್ತು. ಕೊಟ್ಟೂರಿನಿಂದ ಬರುವಾಗ, ದೀಪವಿಲ್ಲದೆ ರಸ್ತೆಯಲ್ಲಿ ನಿಂತಿದ್ದ ಮೆಕ್ಕೆಜೋಳದ ಟ್ರ್ಯಾಕ್ಟರಿಗೆ ಗುದ್ದಿದ್ದ. ಟಗರಿಗೆ ಅದನ್ನು ಹೇಳುವವರು ಯಾರು.

ಅದರ ಹೆಸರು ಬೀಗ. ಕ್ರಾಂತಿ ಮಾತ್ರ ಬೀಗರು ಎಂದೇ ಕರೆಯುತ್ತಿದ್ದ. ಬೀಗರು ಉಂಡ್ರಾ, ಬೀಗರಿಗೆ ಬಿಸಿಲು ಬಂದೈತಿ ನೋಡು, ಎಂದು.

ಹೋದ ಕ್ರಿಸ್‌ಮಸ್ಸಿನಲ್ಲಿ ಮಕ್ಕಳ ನಾಟಕಕ್ಕೆ ಜೀವಂತ ಕುರಿಮರಿ ಬೇಕೆಂದು ಅವನಿಗೆ ಹುಕಿ ಬಂದಿತ್ತು. ತೆಲಿಗಿಯ ಹತ್ತಿರ ಹೊಲದಲ್ಲಿ ಹಿಂಡು ನಿಲ್ಲಿಸಿದ್ದ ಕುರುಬರ ಬಂಗಾರಪ್ಪನ ಬಳಿ ಹೋದ. ಬಂಗಾರಪ್ಪ ಮೈಲಾರಲಿಂಗನ ಒಕ್ಕಲು. ಆದರೆ ಮೊದಲೊಮ್ಮೆ ಯಾರದೋ ಮನೆಯ ಮುಂದೆ ಕ್ರಾಂತಿ ಉಪದೇಶ ಮಾಡುವಾಗ ದೇವರನ್ನು ಕುರುಬನೆಂದು ಕರೆದದ್ದು ಅವನ ಕಿವಿಗೆ ಬಿದ್ದಿತ್ತು. ಹಂಗಾದ್ರ ನಿಮ್ಮ ದೇವ್ರು ನಮ್ಮವನ ಆದನಲ್ಲರಿ, ಎಂದು ಅವನು ಹಿಗ್ಗಿದ. ಕುರುಬ ಅಂದರೆ ಜಾತಿ ಅಲ್ಲ, ಕುರಿ ಕಾಯುವವನು ಎಂದು ಅರ್ಥ, ಎಂದು ಕ್ರಾಂತಿ ಬಿಡಿಸಿ ಹೇಳಿದ. "ಕುರಿ ಕಾಯಾವ ಕುರುಬ ಅಲ್ದ ಮತ್ಯಾರು, ಶೆಟ್ರಾ?" ಎಂದು ಬಂಗಾರಪ್ಪ ಕೇಳಿದ್ದ. ತಮ್ಮವನ ಹಬ್ಬಕ್ಕೆ ಮರಿ ಕೊಡಲು ಹಿಂದೆಮುಂದೆ ನೋಡುವುದೇನು, ಇನ್ನು ನೀವು ನಮಗೆ ಬೀಗರಾದಿರಿ, ಎಂದು ತಾಯಿ ಸತ್ತ ಒಂದು ಮರಿಯನ್ನು ಕಂಬಳಿಯಲ್ಲಿ ಸುತ್ತಿ ಕೊಟ್ಟ. ಹಬ್ಬ ಮುಗಿಯುವಷ್ಟರಲ್ಲಿ ಅವನ ಹಿಂಡು ಹೊಳೆಯ ಕಡೆ ಹೊರಟಿತ್ತು. ಎಳೆಯ ಮರಿ ಅಷ್ಟು ದೂರ ನಡೆಯಲಾರದು, ನಾವು ತಿರುಗಿ ಬರುವ ತನಕ ಇಟ್ಟುಕೊಳ್ಳಿ, ಎಂದ. ನನ್ನ ಕೈಯಾರೆ ತಂದು ಒಪ್ಪಿಸುತ್ತೇನೆ ಎಂದು ಕ್ರಾಂತಿ ಮಾತು ಕೊಟ್ಟ.

ಮಳೆಗಾಲಕ್ಕೆ ಹಿಂಡು ತಿರುಗಿ ಬಂತು. ಕ್ರಾಂತಿ ಮುಂದಿನ ವಾರ, ಮುಂದಿನ ವಾರ ಎನ್ನುತ್ತ ಬಂದ. ಈಸಿಕೊಂಡು ಬಂದದ್ದು ನಮ್ಮದಲ್ಲ ಎಂದು ಅಮೃತಾ ಅಂದಾಗಲೆಲ್ಲ, ಬೀಗರನ್ನು ಹಂಗೆಲ್ಲ ಹೊರಗೆ ಹಾಕ್ತಾರೇನು, ಎಂದು ನಗುತ್ತಿದ್ದ.

ಬಿಸಿಲು ಏರುವ ಹೊತ್ತಿಗೆ ಏಕಾಂತಪ್ಪ ಬಂದರು. ಸಭೆಯ ಹಿರಿಯರು, ಬಸ್‌ಸ್ಟ್ಯಾಂಡಿನ ಹಿಂದೆ ಟೈಲರ್ ಅಂಗಡಿ ಇಟ್ಟವರು. ಕ್ರಾಂತಿಯ ಶವಪೆಟ್ಟಿಗೆಯ ಒಳಗಿನ ಬಿಳಿ ಬಟ್ಟೆಯನ್ನು ಅವರೇ ಹೊಲಿದಿದ್ದರು. ಒಂದು ಕಡೆ ಹೊಲಿಗೆ ಸೊಟ್ಟಗಾಗಿದ್ದನ್ನು ಅಮೃತಾ ನೋಡಿದ್ದಳು. ಏಕಾಂತಪ್ಪ ಸೊಟ್ಟ ಹೊಲಿದದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ.

ಅವರು ಅಂಗಳದಲ್ಲೇ ಕುರ್ಚಿ ಎಳೆದು ಕೂತು, ಅವಳು ಉಂಡಳೋ ಇಲ್ಲವೋ ಕೇಳಿದರು. ಆಮೇಲೆ ಭಾನುವಾರದ ಸ್ಮರಣೆ ಕೂಟದ ಮಾತು ತೆಗೆದರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಕಡೆಯ ಸಭೆಗಳವರು ಬರುವವರಿದ್ದರು. ಅಮೃತಾ ಎದ್ದು ನಿಂತು ಎರಡು ಮಾತು ಸಾಕ್ಷಿ ಹೇಳಬೇಕು, ದೇವರ ಚಿತ್ತಕ್ಕೆ ಒಪ್ಪಿಸಿಕೊಂಡಿದ್ದೇನೆ ಎಂದರೂ ಸಾಕು, ಜನರಿಗೆ ಧೈರ್ಯ ಬರುತ್ತದೆ ಎಂದರು. ಅವಳು ಹೂಂ ಎಂದಳು. ಈಚೆಗೆ ಅವಳು ಎಲ್ಲದಕ್ಕೂ ಹೂಂ ಎನ್ನುತ್ತಿದ್ದಳು. ಎಂ.ಎ. ಓದಿದ ಹೆಣ್ಣುಮಗಳು, ಎಷ್ಟು ಗಟ್ಟಿ ನೋಡು, ಎಂದು ಹಿಂದೆ ಯಾರೋ ಅಂದದ್ದೂ ಕೇಳಿಸಿತ್ತು. ಗಟ್ಟಿಯಲ್ಲ, ಮರಗಟ್ಟಿದ್ದು. ಹಲ್ಲು ಕೀಳಲು ಸೂಜಿ ಕೊಟ್ಟ ಮೇಲೆ ದವಡೆ ತನ್ನದಲ್ಲ ಎನ್ನಿಸುತ್ತದಲ್ಲ, ಹಾಗೆ.

"ಊಟಕ್ಕ ಬ್ಯಾರೆ ಕಡಿ ನೋಡೂದು ಬ್ಯಾಡ ಅಂದ್ರು ಎಲ್ಲರೂ," ಎಂದರು ಏಕಾಂತಪ್ಪ, ಟಗರಿನ ಕಡೆ ನೋಡದೆ. "ಪಾಸ್ಟರ್ ಟಗರು ಐತಲ್ಲ. ಶನಿವಾರ ಕೊಯ್ಯಾಕ ಉಚ್ಚಂಗೆಪ್ಪ ಬರ್ತಾನ. ಅವರ ಹೆಸರಿನಾಗ ಬೀಗರೂಟ ಆದಂಗಾತು. ಅವರಿದ್ದಿದ್ರ ಅವರ ಮೊದ್ಲು ನಗ್ತಿದ್ರು."

ನಗುತ್ತಿದ್ದ, ನಿಜ. ಮದುವೆಯಾದ ಮೇಲೆ ಬೀಗರಿಗೆ ಹಾಕುವ ಬಾಡೂಟದ ಹೆಸರನ್ನು ಬೀಗನನ್ನೇ ಕೊಯ್ದು ಮಾಡುವ ಊಟಕ್ಕೆ ಇಟ್ಟರೆ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅಮೃತಾಳ ತುಟಿಯೂ ಒಂದು ಕ್ಷಣ ಅಲುಗಿತು.

"ಅದು ನಮ್ದಲ್ಲರಿ," ಎಂದಳು. "ಈಸ್ಕೊಂಡು ಬಂದದ್ದು."

ಏಕಾಂತಪ್ಪ ಸಾವಕಾಶವಾಗಿ, ಮಗುವಿಗೆ ಹೇಳಿದಂತೆ, ತಿಳಿಸಿ ಹೇಳಿದರು. ಕ್ರಿಸ್‌ಮಸ್ ದಿನ ಪಾಸ್ಟರೇ ವೇದಿಕೆಯ ಮೇಲೆ ಮರಿಯನ್ನು ಎತ್ತಿಕೊಂಡು, ಬೀಗರು ಕೊಟ್ಟ ಮರಿ ಎಂದು ಹೇಳಿದ್ದರು. ಕೊಟ್ಟ, ಎಂದಿದ್ದರು. ಎಲ್ಲರೂ ಸ್ತೋತ್ರ ಎಂದಿದ್ದರು. ಮಂದಿರದೊಳಗೆ ಪ್ರಾರ್ಥಿಸಿ ಸ್ವೀಕರಿಸಿದ್ದು ಕಾಣಿಕೆ. ಕಾಣಿಕೆಯನ್ನು ತಿರುಗಿ ಕೊಡುವುದುಂಟೇ. ಅವರ ಮಾತಿನಲ್ಲಿ ದುರಾಸೆ ಇರಲಿಲ್ಲ. ತಮ್ಮ ಪಾಸ್ಟರಿಗೆ ಒಂದು ಒಳ್ಳೆಯ ಊಟ ಹಾಕಬೇಕೆಂಬುದಷ್ಟೇ ಇತ್ತು. ಎದ್ದು ನಿಂತು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದರು. ಅಮೃತಾ ಕಣ್ಣು ತೆರೆದುಕೊಂಡೇ ಇದ್ದಳು. ಅವರ ರೆಪ್ಪೆಗಳ ಕೆಳಗಿಂದ ನೀರು ಇಳಿಯುತ್ತಿತ್ತು. ಟಗರು ಅವರ ಅಂಗಿಯ ತುದಿಯನ್ನು ಮೆಲ್ಲಲು ನೋಡುತ್ತಿತ್ತು.

ಅವರು ಹೋದ ಮೇಲೆ ಅವಳು ಮೆಟ್ಟಿಲ ಮೇಲೆ ಕೂತಳು. ಟಗರು ಬಂದು ಹಣೆಯನ್ನು ಅವಳ ಮೊಣಕಾಲಿಗೆ ಒತ್ತಿ ನಿಂತಿತು. ಕೊಯ್ಯಲು ಬಿಡುವುದಿಲ್ಲ ಎನ್ನುವುದು ಅವಳಿಗೆ ಆಗಲೇ ಗೊತ್ತಾಗಿತ್ತು. ಆದರೆ ಕೊಯ್ಯಲು ಬಿಡದೆ ಇಟ್ಟುಕೊಳ್ಳಬಹುದಲ್ಲ ಎಂದು ಇನ್ನೊಂದು ಮನಸ್ಸು ಮೆಲ್ಲಗೆ ಹೇಳಿತು. ಈ ಊರಿನಲ್ಲಿ ಕ್ರಾಂತಿ ಸಂಜೆಗೆ ಬರುತ್ತಾನೆಂದು ಇನ್ನೂ ನಂಬಿದ್ದ ಜೀವ ಅದೊಂದೇ. ಅದನ್ನು ಕಳಿಸಿದರೆ ಕಾಯುವವರು ಯಾರೂ ಉಳಿಯುವುದಿಲ್ಲ. ಬಂಗಾರಪ್ಪ ಕೇಳಿಕೊಂಡು ಬರುವವನೂ ಅಲ್ಲ.

ಅವಳು ಅದರ ಹಣೆಯನ್ನು ಮೆಲ್ಲಗೆ ಸರಿಸಿ ಎದ್ದಳು. ಆಮೇಲೆ ಬಂಗಾರಪ್ಪನ ನಂಬರಿಗೆ ಫೋನು ಮಾಡಿದಳು. ಸ್ವಿಚ್ ಆಫ್ ಆಗಿತ್ತು. ಲಗೇಜ್ ಆಟೋದ ಮಂಜಣ್ಣನಿಗೆ ಫೋನು ಮಾಡಿ, ತೆಲಿಗಿ ತನಕ ಹೋಗಬೇಕು, ಬರ್ತೀಯೇನಪ್ಪ, ಎಂದಳು.

ಆಟೋ ಬಸ್‌ಸ್ಟ್ಯಾಂಡಿನ ಹಿಂದೆಯೇ ಹಾಯಬೇಕಿತ್ತು. ಏಕಾಂತಪ್ಪನವರ ಅಂಗಡಿಯ ಮುಂದೆ ಅವಳೇ ನಿಲ್ಲಿಸಲು ಹೇಳಿದಳು. ಅವರು ಕೊರಳಲ್ಲಿ ಟೇಪು ಹಾಕಿಕೊಂಡೇ ಹೊರಗೆ ಬಂದರು. ಹಿಂದೆ ನಿಂತಿದ್ದ ಟಗರನ್ನು ನೋಡಿದರು, ಅದರ ಪಕ್ಕದಲ್ಲಿ ಕಬ್ಬಿಣದ ಸರಳು ಹಿಡಿದು ಕೂತಿದ್ದ ಅವಳನ್ನು ನೋಡಿದರು.

"ಅಣ್ಣಾರ, ಭಾನುವಾರ ಪಲಾವ್ ಮಾಡ್ಸ್ರಿ," ಎಂದಳು. "ಅವರು ಕೈಯಾರೆ ಒಪ್ಪಿಸ್ತೀನಿ ಅಂತ ಹೇಳಿದ್ರು. ಸಾಕ್ಷಿ ಹೇಳು ಅಂದ್ರಲ್ಲ, ನನಗ ಬರೋದು ಇದೊಂದ."

ಏಕಾಂತಪ್ಪ ತಿರುಗಿ ಒಳಗೆ ಹೋದರು. ಸಿಟ್ಟಾದರು ಎಂದುಕೊಂಡು ಮಂಜಣ್ಣ ಗೇರು ಹಾಕುವಷ್ಟರಲ್ಲಿ ಹಳೆಯ ಪರದೆ ಬಟ್ಟೆಯೊಂದನ್ನು ಮಡಚಿಕೊಂಡು ಬಂದರು. ಆಟೋದ ತಗಡಿನ ಮೇಲೆ ಟಗರಿನ ಗೊರಸು ಜಾರುತ್ತಿತ್ತು. ಬಟ್ಟೆಯನ್ನು ನಾಲ್ಕು ಕಾಲಿನ ಕೆಳಗೂ ಹಾಸಿ, ಸುಕ್ಕು ತೆಗೆದು, ಅಳತೆ ನೋಡಿದಂತೆ ಒಮ್ಮೆ ನೋಡಿದರು.

"ಸಾವಕಾಶ ಹೊಡಿಯೋ ಮಂಜ," ಎಂದರು. "ಟ್ರ್ಯಾಕ್ಟರ್ ಇರ್ತಾವ."

ರಸ್ತೆಯ ಒಂದು ಬದಿಗೆ ಉದ್ದಕ್ಕೂ ಮೆಕ್ಕೆಜೋಳ ಒಣಹಾಕಿದ್ದರು. ಹಿಂಡು ಎಲ್ಲಿದೆ ಎಂದು ಎರಡು ಕಡೆ ಕೇಳಬೇಕಾಯಿತು. ಊರಿಗೆ ಇನ್ನೂ ಸ್ವಲ್ಪ ದೂರವಿರುವಾಗಲೇ ಟಗರು ಮೂಗು ಅರಳಿಸಿ ಗಾಳಿಯನ್ನು ಮೂಸತೊಡಗಿತು. ಕೊಯ್ಲಾದ ಒಂದು ಹೊಲದಲ್ಲಿ ಕುರಿಗಳು ಹರಡಿಕೊಂಡು ಉಳಿದ ಒಣಗರಿ, ರವದಿ ಮೇಯುತ್ತಿದ್ದವು. ಬದುವಿನ ಮೇಲೆ ಕೋಲಿಗೆ ಗದ್ದ ಊರಿ ನಿಂತಿದ್ದ ಮುದುಕ ಬಂಗಾರಪ್ಪ ಆಟೋ ನೋಡಿ ಕೈಯನ್ನು ಕಣ್ಣಿಗೆ ಅಡ್ಡ ಹಿಡಿದ.

"ಲೇ ಪಕ್ಕೀರಿ, ಬಾ ಇಲ್ಲಿ," ಎಂದು ಹೆಂಡತಿಯನ್ನು ಕೂಗಿದ. "ಮರಿ ಒಯ್ದೋರು ಟಗರು ಮಾಡಿ ತಂದಾರ ನೋಡು." ಅಮೃತಾಳ ಕಡೆ ತಿರುಗಿ, "ಬರ್ರವ್ವ. ಎಲ್ಲಿ ಬೀಗರು? ಇಷ್ಟು ದಿನ ಮಾಡಿದ್ದಕ್ಕ ಬರಾಕ ನಾಚಿಕಿ ಬಂತನು?"

"ಅವರಿಲ್ಲರಿ," ಎಂದಳು ಅವಳು.

"ಯಾವ ಊರಿಗೆ ಹೋಗ್ಯಾರ?"

ಪ್ರಭುವಿನ ಬಳಿಗೆ ಹೋದರು, ಮಹಿಮೆಗೆ ಸೇರಿದರು, ವಿಶ್ರಾಂತಿ ಹೊಂದಿದರು. ಇಷ್ಟು ದಿನ ಎಲ್ಲರೂ ಅವಳಿಗೆ ಹೇಳಿದ್ದು, ಅವಳು ಹೂಂ ಎಂದದ್ದು ಆ ಮಾತುಗಳಿಗೇ. ಈ ಮುದುಕನಿಗೆ ಅವು ಯಾವುವೂ ತಿಳಿಯುವಂತಿರಲಿಲ್ಲ. ಹೇಳಿದರೂ ಯಾವ ಊರು ಎಂದೇ ಮತ್ತೆ ಕೇಳುತ್ತಿದ್ದ.

"ಸತ್ತು ಹೋದ್ರು," ಎಂದಳು.

ಹೇಳಿದ ಮೇಲೆ ತನ್ನ ಮಾತು ತನ್ನ ಕಿವಿಗೇ ಬಿತ್ತು. ಆಟೋದ ಅಂಚು ಹಿಡಿದುಕೊಂಡಳು.

ಬಂಗಾರಪ್ಪ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದ. ಹೆಗಲ ಮೇಲಿನ ಕಂಬಳಿಯನ್ನು ಬದುವಿನ ಮೇಲೆ ಹಾಸಿ, ಕೂಡು ಎಂದು ಕೈ ತೋರಿಸಿದ. ಪಕ್ಕೀರಮ್ಮ ಬಂದು ಅವಳ ಪಕ್ಕದಲ್ಲೇ ಕೂತು, ಅವಳ ಬೆನ್ನಿನ ಮೇಲೆ ಕೈ ಇಟ್ಟಳು. ಕುರಿಗಳು ಸುತ್ತ ಮೇಯುತ್ತಲೇ ಇದ್ದವು. ಹೇಗಾಯಿತೆಂದು ಮಂಜಣ್ಣ ದೂರದಲ್ಲಿ ನಿಂತು ನಾಲ್ಕು ಮಾತಿನಲ್ಲಿ ಹೇಳಿದ.

ಬಂಗಾರಪ್ಪ ಅವಳ ಎದುರಿಗೆ ಕುಕ್ಕರಗಾಲಲ್ಲಿ ಕೂತ.

"ನಿಮ್ಮ ದೇವ್ರ ಮ್ಯಾಲೆ ಸಿಟ್ಟು ಬಂದೈತನವ್ವ?" ಎಂದು ಕೇಳಿದ.

ಇದುವರೆಗೆ ಯಾರೂ ಅವಳನ್ನು ಅದನ್ನು ಕೇಳಿರಲಿಲ್ಲ. ಅವಳು ಹೂಂ ಎಂದಳು. ಈ ಸಲ ಅದು ಬರೀ ಹೂಂ ಆಗಿರಲಿಲ್ಲ.

"ಬರ್ತೈತಿ. ಬರ್ಲಿ," ಎಂದ. "ಕುರುಬ ಅಂದಮ್ಯಾಲೆ ಒಮ್ಮೊಮ್ಮೆ ತಪ್ಪತೈತವ್ವ. ಎಷ್ಟು ಕಾದ್ರೂ ಒಂದು ಮರಿ ಕೈ ಬಿಟ್ಟು ಹೋಗ್ತೈತಿ. ನನಗೂ ಹೋಗ್ಯಾವ. ಆ ದಿನ ನಾನೂ ಉಣ್ಣಾಕಿಲ್ಲ. ಅವನೂ ಉಂಡಿರಾಕಿಲ್ಲ ತಗಿ."

ಪಕ್ಕೀರಮ್ಮ ಗಂಡನ ಕಡೆ ಕಣ್ಣು ಬಿಟ್ಟು ನೋಡಿದಳು, ಓದಿದ ಹೆಣ್ಣುಮಗಳ ಮುಂದೆ ದೇವರ ವಿಷಯ ಹೀಗೆ ಮಾತಾಡುತ್ತಾನಲ್ಲ ಎಂಬಂತೆ. ಅಮೃತಾ ಮುಖ ಮುಚ್ಚಿಕೊಂಡಳು. ಆ ಮುದುಕಿಯ ಕೈ ಬೆನ್ನಿನ ಮೇಲೆ ಹಾಗೆಯೇ ಇತ್ತು. ಉಸಿರು ಎಳೆದಾಗ ಮೇಲೆ ಏರುತ್ತಿತ್ತು, ಇಳಿಯುತ್ತಿತ್ತು. ಎಷ್ಟು ಹೊತ್ತಾದರೂ ತೆಗೆಯಲಿಲ್ಲ.

ಆಮೇಲೆ ಪಕ್ಕೀರಮ್ಮ ತಂಬಿಗೆಯಲ್ಲಿ ನೀರು ತಂದು ಮುಖ ತೊಳೆಸಿದಳು. ಮಂಜಣ್ಣ ಟಗರನ್ನು ಕೆಳಗೆ ಇಳಿಸಿದ. ಅದು ಹಿಂಡಿನ ಕಡೆ ಎಳೆಯಿತು, ನಿಂತಿತು, ಅವಳ ಕಡೆ ತಿರುಗಿ ನೋಡಿತು. ಅವಳು ಹಗ್ಗವನ್ನು ಬಂಗಾರಪ್ಪನ ಕೈಗೆ ಕೊಡಲು ಹೋದಳು. ಅವನು ಕೈ ಹಿಂದಕ್ಕೆ ತೆಗೆದುಕೊಂಡ.

"ಹಗ್ಗ ಕೊಡಬಾರ್ದವ್ವ. ಜೀವ ಅಷ್ಟ ಕೊಡು. ಹಗ್ಗ ನಿನ್ನ ಮನಿಗಿರ್ಲಿ."

ಕೊರಳಿನ ಸುತ್ತ ಬಿಗಿದ ಗಂಟು ಉಣ್ಣೆಯೊಳಗೆ ಹುದುಗಿತ್ತು. ಕ್ರಾಂತಿ ಯಾವಾಗಲೋ ಹಾಕಿದ್ದು. ಒಂದರ ಮೇಲೆ ಒಂದು, ಬೇಕಾದದ್ದಕ್ಕಿಂತ ಒಂದು ಹೆಚ್ಚೇ ಹಾಕಿದ್ದ. ಬಂಗಾರಪ್ಪ ಸೊಂಟದಿಂದ ಚೂರಿ ತೆಗೆದು ಮುಂದೆ ಹಿಡಿದ. ಅವಳು ಬೇಡವೆಂದು ತಲೆ ಅಲ್ಲಾಡಿಸಿ, ಮಣ್ಣಿನಲ್ಲಿ ಮಂಡಿಯೂರಿ, ಉಗುರಿನಿಂದ ಒಂದೊಂದೇ ಸುತ್ತನ್ನು ಸಡಿಲಿಸತೊಡಗಿದಳು. ಯಾರೂ ಅವಸರ ಮಾಡಲಿಲ್ಲ. ಟಗರು ಸುಮ್ಮನೆ ನಿಂತಿತ್ತು.

ಕೊನೆಯ ಸುತ್ತು ಬಿಚ್ಚಿಕೊಂಡಿತು. ಟಗರು ಒಮ್ಮೆ ಕೊರಳು ಕೊಡವಿ ಹಿಂಡಿನೊಳಗೆ ನಡೆಯಿತು. ಅವಳು ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ನೇರ ಮಾಡಲು ನೋಡಿದಳು. ಬಿಟ್ಟೊಡನೆ ಅದು ಗಂಟು ಇದ್ದ ಕಡೆ, ಗಂಟಿನ ಆಕಾರಕ್ಕೇ, ಮೆಲ್ಲಗೆ ಮತ್ತೆ ಸುತ್ತಿಕೊಂಡಿತು.