ಚಾಸಿ ಮೊದಲು, ಇಂಜಿನ್ ಆಮೇಲೆ

ಬುತ್ತಿಯ ಡಬ್ಬಿ ಹಿಡಿದು ಶೆಡ್ಡಿಗೆ ಬಂದ ಅನುಸೂಯಾ ಬಾಗಿಲಲ್ಲೇ ನಿಂತುಬಿಟ್ಟಳು. ಪೇಂಟರ್ ದೇವದಾಸ್ ಮೊಣಕಾಲೂರಿ ಕುಳಿತು, ಕೆಂಪು ಕಾರಿನ ಮಗ್ಗುಲಿಗೆ ಬಿಳಿ ಬಣ್ಣದಲ್ಲಿ ಕೊನೆಯ ಅಕ್ಷರ ಬರೆಯುತ್ತಿದ್ದ. ಗೇಣುದ್ದದ ನಾಗರಿ ಅಕ್ಷರಗಳು. ಮೊದಲು ಮನೋಹರ. ಪಕ್ಕಕ್ಕೆ ಒಂದು ಸಣ್ಣ ಗೆರೆ. ಗೆರೆಯ ಆಚೆ, ಅಷ್ಟೇ ದೊಡ್ಡದಾಗಿ, ಸೋನಾಲಿ.

ಮನೋಹರ ಎಂದರೆ ಅವಳ ಗಂಡ. ಸೋನಾಲಿ ಎಂದರೆ ಅವಳಲ್ಲ.

"ಚೆಂದ ಬಂದದಲ್ಲ?" ಮನೋಹರ ಕೈ ಒರೆಸಿಕೊಳ್ಳುತ್ತ ಬಂದ. ಮುಖದ ತುಂಬ ನಗು.

"ಲಗ್ನಪತ್ರಿಕಿ ಇದ್ದಂಗ ಅದ," ಅಂದಳು ಅನುಸೂಯಾ.

ಕನ್ನಡ ತಿಳಿಯದ ದೇವದಾಸ್ ಅಕ್ಷರ ತಿದ್ದುತ್ತಲೇ ಇದ್ದ. ಮನೋಹರ ಇದನ್ನು ಹೊಗಳಿಕೆ ಎಂದೇ ತಿಳಿದು ಡಬ್ಬಿ ಇಸಕೊಂಡ.

ಆಳಂದದಿಂದ ಪುಣೆಯ ಭೋಸರಿಗೆ ಬಂದ ಮೇಲೆ ಮನೋಹರ ಗ್ರಿಲ್ಲು, ಗೇಟು, ಕಾರ್ಖಾನೆಯ ಟ್ರಾಲಿ ಮಾಡಿಕೊಂಡು ಒಂದು ಶೆಡ್ಡಿನ ಒಡೆಯನಾಗಿದ್ದ. ರೇಸಿನ ಹುಚ್ಚು ಎಲ್ಲಿಂದ ಹತ್ತಿತೋ, ಎರಡು ವರ್ಷ ರವಿವಾರಗಳನ್ನೆಲ್ಲ ಸುರಿದು, ಪೈಪುಗಳನ್ನು ಬಗ್ಗಿಸಿ ಬೆಸೆದು ಒಂದು ಕಾರಿನ ಅಸ್ಥಿಪಂಜರ ನಿಲ್ಲಿಸಿದ. ಒಬ್ಬನೇ ಕೂಡುವಂಥದ್ದು, ಗಾಲಿ ನಾಲ್ಕೂ ಮೈಯಿಂದ ಹೊರಗೆ, ಮಿಡತೆಯ ಕಾಲಿನಂತೆ. ಅದನ್ನು ಅವನು ಚಾಸಿ ಅನ್ನುತ್ತಿದ್ದ. ಚಾಸಿಗೆ ಜೀವ ಬೇಕಲ್ಲ? ಚಿಂಚವಡದ ಕೃಷ್ಣಾಜಿಯ ಗ್ಯಾರೇಜಿಗೆ ಹೋದ. ಕೃಷ್ಣಾಜಿ ತೀರಿಕೊಂಡು ಗ್ಯಾರೇಜನ್ನು ಮಗಳು ನಡೆಸುತ್ತಿದ್ದಳು. ಶಿರೂರಿಗೆ ಮದುವೆಯಾಗಿ ಹೋಗಿ, ವರ್ಷ ತುಂಬುವುದರೊಳಗೆ ತಿರುಗಿ ಬಂದವಳು. ಜಜ್ಜಿಹೋಗಿದ್ದ ಮಾರುತಿ ಕಾರೊಂದರ ಇಂಜಿನ್ ತಂದು, ಬಿಚ್ಚಿ, ತಿದ್ದಿ, ಹೊಸದಾಗಿ ಕಟ್ಟಿಕೊಟ್ಟವಳು ಅವಳೇ, ಸೋನಾಲಿ.

ಮೊದಮೊದಲು ಅವಳು ಮನೋಹರನನ್ನು 'ದಾದಾ', ಅಂದರೆ ಅಣ್ಣ, ಅನ್ನುತ್ತಿದ್ದಳು. ಈಚೆಗೆ ಬರೀ 'ಮನೋಹರ'. ಯಾವ ವಾರದಿಂದ ದಾದಾ ಬಿದ್ದುಹೋಯಿತೆಂಬುದು ಅನುಸೂಯಾಗೆ ನೆನಪಿತ್ತು. ಮನೋಹರನಿಗೆ ಬಿದ್ದದ್ದೇ ಗೊತ್ತಿರಲಿಲ್ಲ.

ಊಟಕ್ಕೆ ಕೂತಾಗ ಅವನು ತಾನೇ ವಿಷಯ ತೆಗೆದ. ಚಾಕಣದ ಕಾರ್ಖಾನೆಗೆ ಪ್ರೆಸ್ ಯಂತ್ರ ಕೂಡಿಸಲು ಬಂದಿದ್ದ ಆಸ್ಟ್ರೇಲಿಯಾದ ಮುದುಕ ಇಂಜಿನಿಯರ್ ಒಬ್ಬ ಟ್ರಾಲಿ ಮಾಡಿಸಲು ಶೆಡ್ಡಿಗೆ ಬಂದು ಕಾರು ನೋಡಿ ಮರುಳಾಗಿದ್ದ. ಹೋಗುವಾಗ ಹಳೆಯ ರೇಸಿನ ಪುಸ್ತಕಗಳನ್ನು ಬಿಟ್ಟುಹೋಗಿದ್ದ.

"ಅವರ ದೇಶದಾಗ ಒಂದು ಪದ್ಧತಿ ಅದ, ಅನುಸೂ. ಚಾಸಿ ಮಾಡಿದಾವನ ಹೆಸರು ಮೊದಲು. ಒಂದು ಗೆರಿ. ಆಮ್ಯಾಲೆ ಇಂಜಿನ್ ಮಾಡಿದಾವನ ಹೆಸರು. ಎರಡೂ ಒಬ್ಬನೇ ಮಾಡಿದ್ರ ಒಂದೇ ಹೆಸರು. ನೋಡಿಲ್ಲಿ."

ಅವನು ತೋರಿಸಿದ ಹಾಳೆಯಲ್ಲಿ ಎರಡು ಚಿತ್ರಗಳಿದ್ದವು. ಎರಡರಲ್ಲೂ ಅದೇ ಉದ್ದ ಮೂತಿಯ ಕಾರು. ಕೆಳಗಿನ ಇಂಗ್ಲಿಷನ್ನು ಅವಳು ಕೂಡಿಸಿಕೊಂಡು ಓದಿದಳು. ಒಂದರ ಕೆಳಗೆ ಕೂಪರ್-ಬ್ರಿಸ್ಟಲ್. ಇನ್ನೊಂದರ ಕೆಳಗೆ ಕೂಪರ್-ಹೋಲ್ಡನ್.

"ಕಾರು ಒಂದೇ ಅದ, ಹೆಸರು ಯಾಕ ಬ್ಯಾರೆ?"

"ಇಂಜಿನ್ ಬದಲಿ ಮಾಡ್ಯಾರ. ಹಿಂದಿನ ಹೆಸರು ಹೋತು, ಹೊಸಾದು ಬಂತು."

"ಮುಂದಿನ ಹೆಸರು?"

"ಚಾಸಿದು ಹ್ಯಾಂಗ ಬದಲಾಗ್ತದ? ಅದು ಹಂಗೇ ಇರ್ತದ."

"ಗಂಡಸರ ಹಂಗ," ಅಂದಳು ಅನುಸೂಯಾ. ಇನ್ನೊಂದು ರೊಟ್ಟಿ ನೀಡಿ ಕೇಳಿದಳು, "ಸೀಟು ಹೊಲಿದಾಕಿ ನಾನು. ನನ್ನ ಹೆಸರು ಎಲ್ಲಿ ಅದರಿ?"

ಮನೋಹರ ನಿಜವಾಗಿಯೂ ಯೋಚನೆ ಮಾಡಿದ. "ಸೀಟಿಗೆ ಹೆಸರು ಇಡೋ ಪದ್ಧತಿ ಇಲ್ಲಲ್ಲ."

"ಪದ್ಧತಿ ಅಲ್ಲೀದು. ಓದೋ ಮಂದಿ ಇಲ್ಲಿಯವರು. ಬಾಜೂಮನಿ ಚಂದಮ್ಮಕ್ಕ ಬೆಳಿಗ್ಗೆನೇ ಕೇಳಿದಳು, 'ಏನ ಅನುಸೂಯಾ, ನಿನ್ನ ಗಂಡ ಕಾರಿನ ಮ್ಯಾಲೆ ಯಾರ ಹೆಸರು ಬರೆಸ್ಲಿಕ್ಕತ್ತಾನಂತ?' ಅಂತ. ನಾ ಏನ್ ಹೇಳಲಿ? ಆಸ್ಟ್ರೇಲಿಯಾದ ಸುದ್ದಿ ಹೇಳಲೇನು?"

"ಮಂದಿ ಮಾತು ತಗೊಂಡು ಏನ್ ಮಾಡ್ತಿ?" ಎಂದು ಅವನು ಪುಸ್ತಕಕ್ಕೆ ಮರಳಿದ. ತಟ್ಟೆಯಲ್ಲಿದ್ದದ್ದು ಅವನಿಗೆ ಇಷ್ಟವೆಂದು ಮಾಡಿದ ಎಣ್ಣೆಗಾಯಿ. ತಿಂದದ್ದು ಏನೆಂದು ಕೇಳಿದ್ದರೆ ಅವನಿಗೆ ಹೇಳಲಾಗುತ್ತಿರಲಿಲ್ಲ.

ಅನುಸೂಯಾಳನ್ನು ಸುಟ್ಟದ್ದು ಮಂದಿಯ ಮಾತಲ್ಲ. ವಾರದ ಹಿಂದೆ ಅವಳು ಶೆಡ್ಡಿಗೆ ಹೋದಾಗ ಇಬ್ಬರೂ ಇಂಜಿನ್ನಿನ ಮೇಲೆ ಬಗ್ಗಿ ಕಿವಿಗೊಟ್ಟು ನಿಂತಿದ್ದರು. ಇಂಜಿನ್ ಗುರ್ರೆನ್ನುತ್ತಿತ್ತು. ಸೋನಾಲಿ ಒಂದು ಬೆರಳೆತ್ತಿದಳು, ಮನೋಹರ ತಲೆಯಾಡಿಸಿದ. ಅವಳು ಏನನ್ನೋ ಚೂರು ತಿರುಗಿಸಿದಳು, ಇಬ್ಬರೂ ಒಟ್ಟಿಗೇ ನಕ್ಕರು. ಒಂದು ಮಾತೂ ಆಡಿರಲಿಲ್ಲ. ಹನ್ನೊಂದು ವರ್ಷದ ಸಂಸಾರದಲ್ಲಿ ತನ್ನ ಜೊತೆ ಮಾತಿಲ್ಲದೆ ಅವನು ಹಾಗೆ ನಕ್ಕದ್ದು ಯಾವಾಗ ಎಂದು ಅವಳು ಹುಡುಕಿದಳು. ಸಿಗಲಿಲ್ಲ.

ಮರುದಿನ ಮಧ್ಯಾಹ್ನ ಬಸ್ಸು ಹಿಡಿದು ಚಿಂಚವಡಕ್ಕೆ ಹೋದಳು.

ಗ್ಯಾರೇಜಿನ ಮೇಲೆ ಬಣ್ಣ ಎದ್ದ ಫಲಕ: ಕೃಷ್ಣಾಜಿ ಆಂಡ್ ಸನ್ಸ್. ಸೋನಾಲಿ ಮೊಣಕೈವರೆಗೆ ಕರಿಯಾಗಿ ಎದ್ದು ಬಂದಳು. "ಯಾ ವಹಿನಿ, ಬಸಾ," ಎಂದು ಅತ್ತಿಗೆಯನ್ನು ಕರೆದಂತೆ ಕರೆದು, ಸ್ಟೂಲನ್ನು ಸೆರಗಿನಿಂದಲೇ ಒರೆಸಿ, ಚಹಾಕ್ಕೆ ಹೇಳಿಕಳಿಸಿದಳು. ಅನುಸೂಯಾ ಕೂಡಲಿಲ್ಲ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮರಾಠಿ ಮಾತುಗಳನ್ನು ಒಂದೇ ಉಸಿರಿನಲ್ಲಿ ಆಡಿದಳು.

"ಕಾರಿನ ಮೇಲಿಂದ ನಿಮ್ಮ ಹೆಸರು ತೆಗೆಸಿರಿ."

ಸೋನಾಲಿ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅನುಸೂಯಾಗೆ ಹಗುರವಾಗುತ್ತಿತ್ತು.

"ಮನೋಹರ ಹೇಳಿಕಳಿಸಿದರಾ?"

"ನಾನೇ ಹೇಳುತ್ತಿದ್ದೇನೆ."

ಚಹಾ ಬಂತು. ಯಾರೂ ಮುಟ್ಟಲಿಲ್ಲ. ಸೋನಾಲಿ ತಲೆ ಎತ್ತಿ ಫಲಕ ತೋರಿಸಿದಳು. "ಬಾಬಾನಿಗೆ ಗಂಡುಮಕ್ಕಳೇ ಇರಲಿಲ್ಲ, ವಹಿನಿ. ಹುಟ್ಟುತ್ತಾರೆಂದು ಮೊದಲೇ ಬರೆಸಿಬಿಟ್ಟಿದ್ದ. ಹದಿನಾರನೇ ವಯಸ್ಸಿನಿಂದ ಇಲ್ಲಿ ಇಂಜಿನ್ ಕಟ್ಟುತ್ತಿದ್ದೇನೆ. ಗಿರಾಕಿಗಳು ಇವತ್ತಿಗೂ ಬಂದು 'ಮಿಸ್ತ್ರಿ ಎಲ್ಲಿ?' ಅಂತ ನನ್ನನ್ನೇ ಕೇಳುತ್ತಾರೆ. ನಿನ್ನೆ ದೇವದಾಸ್ ನನ್ನ ಹೆಸರು ಬರೆದದ್ದನ್ನ ನೋಡಿ ಬಂದೆ."

ಅನುಸೂಯಾ ತಾನೂ ಫಲಕದತ್ತ ನೋಡಿದಳು. ಮರುಕ ಬರಲಿಲ್ಲ. ಇವಳ ಹೆಸರನ್ನಾದರೂ ಒಂದು ಸಲ ಬರೆದರಲ್ಲ ಎಂದುಕೊಂಡಳು.

"ನೀವು ಈಗ ಅವರನ್ನು ದಾದಾ ಅನ್ನುವುದೂ ಇಲ್ಲ," ಎಂದಳು. ಈ ಮಾತು ತಾನು ಜೋಡಿಸಿಕೊಂಡು ಬಂದದ್ದಾಗಿರಲಿಲ್ಲ.

ಸೋನಾಲಿ ಅವಳ ಮುಖವನ್ನೇ ನೋಡಿದಳು. ಕಿವಿಯವರೆಗೆ ಕೆಂಪಾಗಿ, ಚಿಂದಿ ತೆಗೆದುಕೊಂಡು ಬೆರಳು ಒಂದೊಂದಾಗಿ ಒರೆಸತೊಡಗಿದಳು.

ಎರಡು ದಿನ ಬಿಟ್ಟು ಅನುಸೂಯಾ ಬುತ್ತಿ ಒಯ್ದಾಗ ಕಾರಿನ ಮೇಲೆ ಬೇರೆ ಹೆಸರಿತ್ತು: ಮನೋಹರ-ಕೃಷ್ಣಾಜಿ. ಹಳೆಯ ಅಕ್ಷರಗಳಿದ್ದಲ್ಲಿ ಕೆಂಪು ಬಣ್ಣ ತುಸು ಗಾಢವಾಗಿತ್ತು.

"ಸೋನಾಲಿ ತಾನೇ ಬಂದು ಅಳಿಸಿ ಬರೆಸಿದಳು," ಅಂದ ಮನೋಹರ. "ಬಾಬಾನ ಹೆಸರು ಇರಲಿ ಅಂದಳು. ಯಾಕ ಅಂತ ಹೇಳಲಿಲ್ಲ." ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. "ಮೊದಲಿನದೇ ಚೆಂದಿತ್ತು, ಅಲ್ಲ?"

ಅನುಸೂಯಾ ಅವನ ಕಣ್ಣಲ್ಲಿ ಹುಡುಕಿದಳು. ಅಲ್ಲಿದ್ದದ್ದು ಬಣ್ಣದ ಬಗೆಗಿನ ಬೇಸರವೋ ಮತ್ತೊಂದೋ ತಿಳಿಯಲಿಲ್ಲ. "ಊಟ ಆರ್ತದ," ಅಂದಳು.

ರೇಸು ಇದ್ದದ್ದು ಜೂನ್ ಮೊದಲ ರವಿವಾರ, ಕೊಲ್ಲಾಪುರದ ಆಚೆ ಒಂದು ಬಯಲಿನಲ್ಲಿ. ಕಾರು ಓಡಿಸಿದವನು ಮನೋಹರನ ಗೆಳೆಯ ಶಿವಪ್ರಕಾಶ. ಕೆಂಪು ಕಾರು ಎಲ್ಲೂ ಕೆಡದೆ, ಕೊನೆಯ ಸುತ್ತಿನಲ್ಲಿ ಇಬ್ಬರನ್ನು ಹಿಂದೆ ಹಾಕಿ ಮೂರನೆಯದಾಗಿ ಬಂತು. ಧ್ವನಿವರ್ಧಕ "ಮನೋಹರ-ಕೃಷ್ಣಾಜಿ! ಮನೋಹರ-ಕೃಷ್ಣಾಜಿ!" ಎಂದು ಕೂಗಿತು. ಮಂದಿ ಸೀಟಿ ಹೊಡೆದರು. ಬಿಲ್ಲೆ ಹಚ್ಚಿಕೊಂಡ ಸಂಘಟಕನೊಬ್ಬ ಬಂದು ಮನೋಹರನ ಕೈ ಕುಲುಕಿ, "ಅಣ್ಣತಮ್ಮಂದಿರಾ? ಕೃಷ್ಣಾಜಿ ಬಂದಿಲ್ಲವೇ?" ಎಂದು ಮರಾಠಿಯಲ್ಲಿ ಕೇಳಿದ. ಮನೋಹರ ಸೋನಾಲಿಯತ್ತ ತಿರುಗುವಷ್ಟರಲ್ಲಿ ಆತ ಮುಂದಿನ ಕಾರಿಗೆ ಹೋಗಿಯಾಗಿತ್ತು. ಸೋನಾಲಿ ಇಂಜಿನ್ನಿನ ಮೇಲೆ ಬಗ್ಗಿದಳು. ಬಗ್ಗುವಂಥ ಕೆಲಸವೇನೂ ಅಲ್ಲಿರಲಿಲ್ಲ.

ಹಗ್ಗದ ಆಚೆ ನಿಂತಿದ್ದ ಅನುಸೂಯಾ ಬೇಕೆಂದದ್ದನ್ನು ಪಡೆದಿದ್ದಳು. ಅದರ ಖುಷಿ ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದಳು. ಧ್ವನಿವರ್ಧಕ ಇನ್ನೊಂದು ಹೆಸರಿಗೆ ಹೋಯಿತು.

ತಿರುಗಿ ಬರುವಾಗ ಕಾರು ಹೇರಿದ ಟೆಂಪೊದ ಮುಂದೆ ಡ್ರೈವರನಲ್ಲದೆ ಇಬ್ಬರಿಗಷ್ಟೇ ಜಾಗ. "ಹೆಣ್ಮಕ್ಕಳು ಮುಂದ ಕೂಡ್ರಿ," ಅಂದ ಮನೋಹರ. ಸೋನಾಲಿ, ನಾನು ಕಾರಿನ ಜೊತೆ ಕೂಡುತ್ತೇನೆ ಎಂದು ಹಿಂದಕ್ಕೆ ಹತ್ತಿದಳು. ಅನುಸೂಯಾ ಒಂದು ಗಳಿಗೆ ನಿಂತು, ಸೀರೆ ಎತ್ತಿಕಟ್ಟಿ ತಾನೂ ಹಿಂದಕ್ಕೇ ಹತ್ತಿದಳು. ಗಂಡಸರು ಮುಂದೆ ಕೂತರು.

ಸಾತಾರಾ ದಾಟಿತು. ಖಂಬಾಟಕಿ ಘಾಟಿನ ಮೊದಲ ತಿರುವಿನಲ್ಲಿ ವರ್ಷದ ಮೊದಲ ಮಳೆ ಬಂತು, ಗಾಳಿಯ ಜೊತೆ ಅಡ್ಡಡ್ಡ. ಕಾರಿಗೆ ಹೊದಿಸಿದ ತಾಡಪತ್ರಿಯ ಹಗ್ಗ ಕಿತ್ತು, ಒಂದು ಮಗ್ಗುಲು ಪಟಪಟನೆ ಎದ್ದಿತು. ಸೋನಾಲಿ ಹಾರಿ ಅದರ ಅಂಚು ಹಿಡಿದಳು. ಅಷ್ಟರಲ್ಲಿ ಇನ್ನೊಂದು ಮಗ್ಗುಲೂ ಎದ್ದಿತು.

"ಘಟ್ಟ ಧರಾ, ವಹಿನಿ!"

ಅನುಸೂಯಾ ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದಳು. ಕಾರಿನ ಆಚೆ ಒಬ್ಬಳು, ಈಚೆ ಒಬ್ಬಳು. ತಾಡಪತ್ರಿಯ ನಡುವೆ ನೀರು ನಿಂತು ಭಾರವಾಗತೊಡಗಿತು. ಒಬ್ಬಳು ತುಸು ಎತ್ತಿದರೆ ನೀರು ಇನ್ನೊಬ್ಬಳ ಕಡೆ ಹರಿಯುತ್ತಿತ್ತು. ಅವಳು ಎತ್ತಿದರೆ ಈ ಕಡೆ. ಕೈ ಸೋತರೂ ಇಬ್ಬರೂ ಬಿಡಲಿಲ್ಲ. ಟೆಂಪೊ ಏದುಸಿರು ಬಿಡುತ್ತ ಘಾಟು ಏರುತ್ತಿತ್ತು.