ಮಳೆಯಿಲ್ಲದ ಸಿಡಿಲು

ಶಾಂಭವಿ ಸುರಪುರದ ಗುಡ್ಡ ಹತ್ತುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಯಾದಗಿರಿಯ ಕಚೇರಿಯಲ್ಲಿ ಕೂತು, ಗಾಳಿ, ಧಗೆ, ಒಣಹುಲ್ಲು ಎಲ್ಲವನ್ನೂ ಲೆಕ್ಕಹಾಕಿ, ಯಾವ ಗುಡ್ಡಕ್ಕೆ ಕಾಡ್ಗಿಚ್ಚಿನ ಭಯವಿದೆ ಎಂದು ಮುಂಚಿತವಾಗಿ ಹೇಳುವುದು ಅವಳ ಕೆಲಸ. ಈ ಬೇಸಿಗೆಯಲ್ಲಿ ಮೇಲಿಂದ ಮೇಲೆ ಹೇಳಿದ್ದಳು. ಮೋಡ ಕಟ್ಟಿ ಗುಡುಗುತ್ತಿತ್ತು, ಹನಿ ಮಾತ್ರ ನೆಲ ಮುಟ್ಟುವ ಮೊದಲೇ ಆರಿಹೋಗುತ್ತಿತ್ತು. ಅಂಥ ದಿನ ಹುಲ್ಲಿಗೆ ಒಂದು ಸಿಡಿಲು ಬಿದ್ದರೆ ಸಾಕು. ಆದರೆ ಬಿದ್ದಿರಲಿಲ್ಲ. ಪ್ರತಿ ಸಲವೂ ಕುರಿಗಾರರು ಸುಮ್ಮನೆ ಇಳಿದು, ಹಸಿದ ಕುರಿಗಳೊಂದಿಗೆ ಮತ್ತೆ ಹತ್ತಿದ್ದರು.

ಕುರಿಗಾರರಿಂದ ಕಚೇರಿಗೆ ದೂರು ಹೋಗಿತ್ತು. ಅಂದು ಬೆಳಿಗ್ಗೆ ಮೇಲಧಿಕಾರಿ ಭಗವಂತರಾಯರು ಅವಳ ಕೆಂಪು ಎಚ್ಚರಿಕೆಯನ್ನು ಹಳದಿಗೆ ಇಳಿಸಿದ್ದರು. ಅವಳು ವಾದಿಸಲಿಲ್ಲ; ಅವಳಿಗೂ ಸಾಕಾಗಿತ್ತು. ಹಳದಿಗೆ ಯಾರೂ ಕದಲುವುದಿಲ್ಲವೆಂದು ತಿಳಿದು, ಶಹಾಪುರದಲ್ಲಿ ಬಸ್ಸು ಬದಲಿಸಿ ತಾನೇ ಬಂದಿದ್ದಳು.

ಕುರಿ ಕಾಯುವ ಗೊಲ್ಲಾಳಮ್ಮ ಜಾಲಿಯ ನೆರಳಲ್ಲಿ ಮರಿಗಳಿಗೂ ತಾಯಿಕುರಿಗಳಿಗೂ ನೀರು ಕುಡಿಸುತ್ತಿದ್ದಳು. ಅವಳ ಗಂಡ ನಾಗಣ್ಣ ಉಳಿದ ದೊಡ್ಡ ಕುರಿಗಳೊಂದಿಗೆ ಗುಡ್ಡದ ನೆತ್ತಿಯಲ್ಲಿದ್ದ. ಶಾಂಭವಿಯನ್ನು ನೋಡಿದ್ದೇ ಮುದುಕಿ ಮುಖ ತಿರುಗಿಸಿದಳು.

"ಮತ್ತ ಇಳೀರಿ ಅನ್ನಾಕ ಬಂದೀಯೇನವ್ವಾ? ಈ ಸಲರ ಖಾತ್ರಿ ಐತೇನು?"

ಹೌದು ಎಂದುಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ.

"ಖಾತ್ರಿ ಇಲ್ರೀ ಅವ್ವಾ. ಸಿಡಿಲು ಬೀಳಬಹುದು, ಬೀಳದೇ ಇರಬಹುದು. ಆದ್ರ ನನಗ ಭಾಳ ಅಂಜಿಕಿ ಆಗೇತಿ."

ಗೊಲ್ಲಾಳಮ್ಮ ನೀರಿನ ಪಾತ್ರೆ ಬದಿಗಿಟ್ಟು ಎದ್ದಳು. ಮರಿಗಳನ್ನೂ ತಾಯಿಕುರಿಗಳನ್ನೂ ಕೆಳಗೆ ಹೊಡೆದುಕೊಂಡು ಹೋಗಲು ಒಪ್ಪಿದಳು. ನೆತ್ತಿಯಲ್ಲಿರುವವು ಹೊಟ್ಟೆ ತುಂಬ ಮೇಯಲಿ ಎಂದಳು. ಅಷ್ಟಾದರೂ ಆಯಿತಲ್ಲ ಎಂದುಕೊಂಡಳು ಶಾಂಭವಿ. ಇನ್ನಷ್ಟು ಬೇಡಿಕೊಳ್ಳುವ ತ್ರಾಣ ಅವಳಲ್ಲಿ ಇರಲಿಲ್ಲ.

ಇಳಿಹೊತ್ತಿಗೆ ಮೋಡ ಕವಿಯಿತು. ಒಂದು ಹನಿಯೂ ಬೀಳದೆ ಸಿಡಿಲು ಬಡಿಯಿತು. ನೆತ್ತಿಯ ಕೆಳಗಿನ ಹುಲ್ಲಿನಿಂದ ಹೊಗೆ ಎದ್ದು, ಗಾಳಿಗೆ ಬೆಂಕಿ ಓಡತೊಡಗಿತು. ಅರಣ್ಯ ಕಾವಲುಗಾರ ಸುಲ್ತಾನಸಾಬ ಊರಿನವರನ್ನು ಕರೆದುಕೊಂಡು ಓಡಿದ. ಶಾಂಭವಿಯೂ ಹಸಿ ಟೊಂಗೆ ಹಿಡಿದು ಕತ್ತಲಾಗುವವರೆಗೆ ಬೆಂಕಿಯನ್ನು ಬಡಿದಳು. ನಾಗಣ್ಣ ಹುಲ್ಲಿಲ್ಲದ ಬಂಡೆಯ ಮೇಲೆ ಹಾಯ್ದು ಕುರಿಗಳನ್ನು ಇಳಿಸಿದ್ದ. ಕೆಲವು ಹಿಂದೆಯೇ ಉಳಿದವು. ಕೆಂಡ ತುಳಿದು ಅವನ ಎರಡೂ ಅಂಗಾಲು ಸುಟ್ಟಿದ್ದವು.

ಮರುದಿನ ಸುರಪುರದ ಆಸ್ಪತ್ರೆಯ ವರಾಂಡದಲ್ಲಿ ಗೊಲ್ಲಾಳಮ್ಮ ಕೂತಿದ್ದಳು. ಶಾಂಭವಿ ಪಕ್ಕದಲ್ಲಿ ಕೂತಳು.

"ಖಾತ್ರಿ ಅಂದಿದ್ರ ಎಲ್ಲಾನೂ ಇಳಸ್ತಿದ್ದೆ," ಎಂದಳು ಮುದುಕಿ. ದನಿಯಲ್ಲಿ ಸಿಟ್ಟಿರಲಿಲ್ಲ.

"ಸುಳ್ಳು ಹೇಳಾಕ ಮನಸಾಗಲಿಲ್ರೀ."

"ಹೇಳಿ ಸಿಡಿಲು ಬೀಳದಿದ್ರ ಮುಂದಿನ ಸಲ ನಂಬತಿದ್ದಿಲ್ಲ ಬಿಡು." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಸುಟ್ಟ ಗುಡ್ಡದಲ್ಲಿ ಇನ್ನು ಮೇವಿಲ್ಲ, ಮರಿಗಳಿಗೇನು ಗತಿ ಎಂದು ಕೇಳಿದಳು. ವಡಗೇರಾ ಕಡೆ ಹತ್ತಿ ಬಿಡಿಸಿದ ಹೊಲಗಳಿವೆ, ಕುರಿ ಮೇಯಿಸಲು ಹೊಲದವರನ್ನು ಕೇಳಿ ನೋಡುತ್ತೇನೆ ಎಂದಳು ಶಾಂಭವಿ.

ಅಷ್ಟರಲ್ಲಿ ಭಗವಂತರಾಯರ ಫೋನು ಬಂತು. ಇವತ್ತು ಯಾವ ಬಣ್ಣ ಹಾಕಬೇಕು, ನೀವೇ ಹೇಳಿರಿ ಎಂದರು. ಶಹಾಪುರದ ಗುಡ್ಡಗಳಿಗೂ ಸೇರಿಸಿ ಕೆಂಪು ಹಾಕಿರೆಂದು ಹೇಳಿ, ಅವಳು ಹೊಲದವರ ನಂಬರು ಹುಡುಕತೊಡಗಿದಳು.