ಜಾಗ ಬಿಟ್ಟು ಸರಿದ ಚುಕ್ಕೆಗಳು

ಕಣ್ಣಿನ ಆಸ್ಪತ್ರೆಗೆ ಹೊಸ ಕ್ಯಾಮೆರಾ ಬಂದ ದಿನ ಅಲ್ಲಿನ ಛಾಯಾಗ್ರಾಹಕಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಕಣ್ಣಿನ ಒಳಗೋಡೆಯಾದ ಅಕ್ಷಿಪಟವನ್ನೂ ಅದರ ಮೇಲೆ ಹಬ್ಬಿದ ಕೂದಲೆಳೆಯಂತಹ ರಕ್ತನಾಳಗಳನ್ನೂ ಆ ಯಂತ್ರ ಕ್ಷಣಾರ್ಧದಲ್ಲಿ ಪರದೆಗೆ ತರುತ್ತಿತ್ತು. ಮೊದಲ ಪ್ರಯೋಗಕ್ಕೆ ಸಿಕ್ಕವನು ಅವಳ ಅಕ್ಕನ ಗಂಡ. ಗಡಿಯಾರ ರಿಪೇರಿಯ ಕಸುಬಿನವನು; ಆಸ್ಪತ್ರೆಯ ಗೋಡೆಗಡಿಯಾರವನ್ನು ಸರಿಪಡಿಸಿ ತಂದಿದ್ದ.

“ಭಾವ, ಗದ್ದ ಇಲ್ಲಿಡಿ. ಒಂದು ನಿಮಿಷ ಬಾಯಿ ಮುಚ್ಕೊಂಡಿರಿ, ಸಾಕು.”

“ನಿಮ್ಮಕ್ಕನೂ ಮದುವೆ ದಿನ ಇದನ್ನೇ ಹೇಳಿದ್ಲು. ಇಪ್ಪತ್ತು ವರ್ಷ ಆಯ್ತು, ಆ ನಿಮಿಷ ಇನ್ನೂ ಮುಗಿದಿಲ್ಲ.”

ಬೆಳಕು ಮಿಂಚಿತು. ಪರದೆಯ ಕಿತ್ತಳೆ ವರ್ಣದ ವೃತ್ತದಲ್ಲಿ, ನಾಳವೊಂದರ ಮಗ್ಗುಲಿಗೆ, ಸಾಸಿವೆಗಿಂತ ಕಿರಿದಾದ ಮೂರು ಕೆಂಗಪ್ಪು ಚುಕ್ಕೆಗಳು. ಹಳೆಯ ಕ್ಯಾಮೆರಾದೊಡನೆ ಒಂಬತ್ತು ವರ್ಷ ಏಗಿದವಳಿಗೆ ಚುಕ್ಕೆಯೆಂದರೆ ಧೂಳೇ. ಮಸೂರವನ್ನು ಒರೆಸಿ ಮತ್ತೆ ತೆಗೆದಳು. ಚುಕ್ಕೆಗಳು ಅಲ್ಲೇ ಇದ್ದವು. ಇನ್ನೊಮ್ಮೆ ಒರೆಸಿದಳು.

“ಏನಮ್ಮ, ಒರೆಸೋಕೇ ಇಟ್ಕೊಂಡಿದಾರಾ ನಿನ್ನ?”

“ಸುಮ್ನಿರಿ ಭಾವ. ಈಗ ಎಡಗಡೆ ದೀಪ ನೋಡಿ.”

ಧೂಳಾದರೆ ಅದು ಮಸೂರಕ್ಕೆ ಅಂಟಿದ್ದು. ಕಣ್ಣು ಹೊರಳಿದರೂ ಚಿತ್ರದಲ್ಲಿ ತನ್ನ ಜಾಗ ಬಿಡದು. ಕಣ್ಣಿನದೇ ಆದರೆ ನಾಳದೊಡನೆ ಸರಿದೀತು. ಉಸಿರು ಬಿಗಿಹಿಡಿದು ಗುಂಡಿ ಒತ್ತಿದಳು. ನಾಳ ಪಕ್ಕಕ್ಕೆ ಸರಿದಿತ್ತು. ಅದರ ಬೆನ್ನಿಗೇ ಮೂರು ಚುಕ್ಕೆಗಳೂ!

ಹಾಗಾದರೆ ಧೂಳಲ್ಲ. ಬಳಲಿದ ನಾಳದ ಗೋಡೆ ಉಬ್ಬಿದ ಗುರುತು ಇದು. ಮುಂದೆ ರಕ್ತ ಜಿನುಗಿದರೆ, ಚಿಮಟದ ತುದಿಯಲ್ಲಿ ಗಡಿಯಾರದ ಸುರುಳಿತಂತಿ ಕೂರಿಸುವ ಈ ಮನುಷ್ಯನ ಕಸುಬೇ ಕತ್ತಲಾದೀತು. ಆದರೆ ಮೂರೇ ಚುಕ್ಕೆ! ನಡುದೃಷ್ಟಿಯ ತಾಣ ಇನ್ನೂ ನಿರ್ಮಲ! ಕೇಡು ಹೊಸ್ತಿಲಲ್ಲೇ ಸಿಕ್ಕಿಬಿದ್ದಿತ್ತು. ಇವನನ್ನು ಇಂದೇ ಇಲ್ಲಿಗೆ ಕರೆತಂದ ದೈವಕ್ಕೆ ಮನಸ್ಸಿನಲ್ಲೇ ಕೈಮುಗಿದು ಓಡಿದಳು. ವೈದ್ಯೆಯನ್ನು ಕೈಹಿಡಿದೇ ಎಳೆತಂದಳು.

ವೈದ್ಯೆ ಪರದೆಗೆ ಬಾಗಿದಳು. “ಸಕ್ಕರೆ ಕಾಯಿಲೆ ಇದೆಯಾ ನಿಮಗೆ?”

“ನಂಗಾ? ಕಲ್ಲುಗುಂಡಿನ ಹಾಗಿದೀನಿ.”

ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದರು. ಉಪಕರಣ ಸಕ್ಕರೆಯ ಮಟ್ಟ ಮುನ್ನೂರ ಹನ್ನೆರಡು ಎಂದು ತೋರಿಸಿತು. ಭಾವ ವೈದ್ಯೆಯ ಕಡೆ ತಿರುಗಿದ.

“ಕಣ್ಣು ಹೋಗುತ್ತಾ ಡಾಕ್ಟ್ರೇ?”

“ಇವತ್ತಿಂದಲೇ ಮಾತ್ರೆ, ಪಥ್ಯ ಸರಿಯಾಗಿ ನಡೆಸಿದ್ರೆ ಉಳಿಸ್ಕೋಬಹುದು. ಇಷ್ಟು ಬೇಗ ಸಿಕ್ಕಿದ್ದು ನಿಮ್ಮ ಪುಣ್ಯ.”

“ಕೇಳಿದ್ರಾ ಭಾವ! ಕೇಳಿದ್ರಾ!” ಅವಳು ಕುಣಿಯುವುದೊಂದೇ ಬಾಕಿ, ಕಣ್ಣಲ್ಲಿ ನೀರು ತುಂಬಿತ್ತು.

“ಭಾವಂಗೆ ಕಾಯಿಲೆ ಬಂತು ಅಂತ ಇಷ್ಟು ಖುಷಿಪಡೋ ನಾದಿನಿ ಎಲ್ಲಾದ್ರೂ ಉಂಟಾ!” ಎನ್ನುತ್ತ ಅವನು ತಾನೇ ಮತ್ತೆ ಕ್ಯಾಮೆರಾದ ಮುಂದೆ ಗದ್ದ ಇಟ್ಟ. “ಇನ್ನೊಂದು ಕಣ್ಣೂ ನೋಡ್ಬಿಡು. ಆಮೇಲೆ ನಿಮ್ಮಕ್ಕಂಗೆ ಫೋನ್ ಮಾಡಿ ನೀನೇ ಹೇಳು. ನಾ ಹೇಳಿದ್ರೆ ನಂಬಲ್ಲ.”